ಬಾವುಟದ ಹಬ್ಬಕ್ಕೊಂದು ಕರೆಯೋಲೆ

ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಹಿರಿಯರು ಏನು ಮಾಡುತ್ತಾರೆ? ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾರೆ, ಹೆಸರು ಬರೆಯುತ್ತಾರೆ, ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದು ಬರುತ್ತಾರೆ. ‘ಬರೀ ಕಾಗದ ಕಳಿಸಿದರು, ಬಾಯ್ತುಂಬ ಕರೆಯಲಿಲ್ಲ’ ಎಂದು ಮುನಿಸಿಕೊಳ್ಳುವ ನೆಂಟರೂ ಇರುತ್ತಾರೆ. ಆದರೆ ಆಗಸ್ಟ್ 15ರ ಸ್ವಾತಂತ್ರ್ಯೋತ್ಸವಕ್ಕೆ? ಹಿಂದಿನ ದಿನ ಸಂಜೆ ಗಂಟೆ ಹೊಡೆಯುವ ಮುಂಚೆ ‘ನಾಳೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ’ ಎಂಬ ಒಂದು ಮಾತು. ಈಗೀಗ ಮೊಬೈಲಿಗೆ ಒಂದು ಸಿದ್ಧ ಚಿತ್ರ. ಇಡೀ ದೇಶದ ಹಬ್ಬಕ್ಕೆ ಇಷ್ಟು ಕರೆ ಸಾಕೆ?

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಊರನ್ನೇ ತೆಗೆದುಕೊಳ್ಳಿ. ಇದು ಕಾಫಿ ಸೀಮೆ. ಈ ಸೀಮೆಯ ತೋಟದ ಲೈನ್ ಮನೆಗಳಲ್ಲಿ ಕನ್ನಡದ ಜೊತೆಗೆ ತಮಿಳು, ತುಳು, ಮಲಯಾಳಂ ಕೇಳಿಬರುತ್ತದೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಬೆಳಗಾದರೆ ಕೆಲಸಕ್ಕೆ ಹೊರಡುವ ಎಷ್ಟೋ ತಂದೆತಾಯಿ ಶಾಲೆಯ ಒಳಗೆ ಕಾಲಿಡುವುದು ಮಗುವನ್ನು ಸೇರಿಸುವಾಗ ಒಮ್ಮೆ, ಟಿ.ಸಿ. ತೆಗೆದುಕೊಳ್ಳುವಾಗ ಇನ್ನೊಮ್ಮೆ. ಆಗಸ್ಟ್ 15 ರಾಷ್ಟ್ರೀಯ ರಜಾ ದಿನ. ಅಂದು ಅವರಿಗೆ ಬಿಡುವಿರುತ್ತದೆ. ಆದರೂ ಬರುವುದಿಲ್ಲ, ಬಂದರೂ ಕಾಂಪೌಂಡಿನ ಹೊರಗೆ ನಿಂತು ನೋಡಿ ಹೋಗುತ್ತಾರೆ. ‘ನಮ್ಮನ್ನು ಯಾರು ಕರೆದರು?’ ಎಂಬ ಸಂಕೋಚವೇ ಇದಕ್ಕೆ ಕಾರಣ. ಮಗು ತನ್ನ ಕೈಯಿಂದಲೇ ಮಾಡಿ, ಹೆಸರು ಬರೆದು ಕೊಟ್ಟ ಕರೆಯೋಲೆ ಈ ಸಂಕೋಚಕ್ಕೆ ಒಳ್ಳೆಯ ಮದ್ದು. ಅದನ್ನು ಮಾಡುವ ಬಗೆಯನ್ನು ಈ ವಾರ ನೋಡೋಣ.

ಮೊದಲು ಒಂದು ಎಚ್ಚರಿಕೆಯ ಮಾತು. ಸ್ವಾತಂತ್ರ್ಯೋತ್ಸವದ ಕಾರ್ಡ್ ಎಂದ ಕೂಡಲೇ ಮಕ್ಕಳು ಬರೆಯುವುದು ಬಾವುಟವನ್ನು. ಅದರ ಬಿಳಿ ಪಟ್ಟಿಯ ಮೇಲೆ ‘ಸುಸ್ವಾಗತ’ ಎಂದು ಬರೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಇದು ಸರಿಯಲ್ಲ. ರಾಷ್ಟ್ರಧ್ವಜದ ಮೇಲೆ ಯಾವುದೇ ಅಕ್ಷರ ಬರೆಯಬಾರದೆಂದು 2002ರಲ್ಲಿ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ ಹೇಳುತ್ತದೆ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯಿದೆಯ ಪ್ರಕಾರ ಧ್ವಜದ ಚಿತ್ರವೂ ಧ್ವಜವೇ. ಕಾಯಿದೆಯ ಹೆಸರು ಹೇಳಿ ಮಕ್ಕಳನ್ನು ಹೆದರಿಸುವುದು ಇಲ್ಲಿನ ಉದ್ದೇಶವಲ್ಲ. ಹದಿನಾರನೇ ತಾರೀಖಿನಂದು ಆ ಕಾರ್ಡುಗಳು ಎಲ್ಲಿರುತ್ತವೆ ಎಂದು ಯೋಚಿಸಿ. ಮಲೆನಾಡಿನ ಆಗಸ್ಟ್ ಮಳೆಯಲ್ಲಿ, ಬಸ್ ನಿಲ್ದಾಣದ ಕೆಸರಿನಲ್ಲಿ, ಚರಂಡಿಯಲ್ಲಿ. ಕೈಯಲ್ಲಿ ಹಿಡಿಯುವ ಕಾಗದದ ಬಾವುಟಗಳನ್ನು ಕೂಡ ಕಾರ್ಯಕ್ರಮದ ನಂತರ ನೆಲಕ್ಕೆ ಎಸೆಯಬಾರದೆಂದು ಸಂಹಿತೆಯಲ್ಲಿದೆ.

ಈ ಬಾವುಟಕ್ಕೆ ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ ಬೆಲೆ ತೆತ್ತವರಿದ್ದಾರೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ತ್ರಿವರ್ಣ ಧ್ವಜ ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಆ ಕಾಲದ ಧ್ವಜದಲ್ಲಿ ಚಕ್ರದ ಬದಲು ಚರಕವಿತ್ತು. ಇಂದಿನ ರೂಪವನ್ನು ಸಂವಿಧಾನ ಸಭೆ ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಉದ್ದ ಅಗಲ 3:2ರ ಪ್ರಮಾಣ, ಚಕ್ರಕ್ಕೆ 24 ಅರೆಗಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಿಸುವವರು ಅಳತೆ, ಬಣ್ಣ, ಹೊಲಿಗೆ ಎಲ್ಲದರಲ್ಲೂ ಭಾರತೀಯ ಮಾನಕ ಸಂಸ್ಥೆಯ ನಿಯಮ ಪಾಲಿಸಬೇಕು. ಅಷ್ಟು ಜೋಪಾನದ ವಸ್ತುವನ್ನು ಅಂಗೈಯಗಲದ ಕಾರ್ಡಿಗೆ ಏಕೆ ಇಳಿಸಬೇಕು? ಧ್ವಜ ಕಂಬದ ಮೇಲಿರಲಿ. ಜನರನ್ನು ಆ ಕಂಬದ ಬಳಿಗೆ ಕರೆತರುವುದಷ್ಟೇ ಕಾರ್ಡಿನ ಕೆಲಸ.

ಹಾಗಾದರೆ ಕಾರ್ಡಿನ ಮೇಲೆ ಏನಿರಬೇಕು? ನಿಮ್ಮ ಊರೇ ಇರಲಿ. ಕಾಫಿ ಎಲೆಯ ಅಂಚು ಅಲೆಯಲೆಯಾಗಿ, ನರಗಳು ಎದ್ದು ಕಾಣುವಂತಿರುತ್ತವೆ. ಎಲೆಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಹಿಂಬದಿಗೆ ತೆಳುವಾಗಿ ಹಸಿರು ಬಣ್ಣ ಬಳಿದು ಕಾಗದದ ಮೇಲೆ ಒತ್ತಿರಿ. ನರನರವೂ ಮೂಡುತ್ತದೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವಾಗುತ್ತದೆ. ಹೂವಿಗೆ ಬಣ್ಣ ಅಡುಗೆಮನೆಯಲ್ಲೇ ಇದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಗೆ ಮಾಡುವ ಓಕುಳಿ ಇದೇ ಅಲ್ಲವೆ? ಸುಣ್ಣ ಕಡಿಮೆಯಾದಷ್ಟೂ ಬಣ್ಣ ಕೇಸರಿಗೆ ಹತ್ತಿರ ಬರುತ್ತದೆ. ಸುಣ್ಣ ಕಣ್ಣಿಗೆ ಅಪಾಯ, ಆದ್ದರಿಂದ ಬೆರೆಸುವ ಕೆಲಸ ದೊಡ್ಡವರದು. ಬಿಳಿಯ ಕಾಗದದ ಮೇಲೆ ಕೇಸರಿ ಹೂ, ಹಸಿರು ಎಲೆ. ಬಾವುಟ ಬರೆಯದೆಯೇ ಮೂರು ಬಣ್ಣವೂ ಬಂದವು!

ಚಿತ್ರ ಬರೆಯಬಲ್ಲವರು ಬೇಲೂರು, ಹಳೇಬೀಡಿನ ಗುಡಿಗಳ ಬುಡದಲ್ಲಿರುವ ಆನೆಗಳ ಸಾಲನ್ನು ಅಂಚಿಗೆ ಬಿಡಿಸಬಹುದು. 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿಗಳಿವು. ಆ ಶಿಲ್ಪಿಗಳಿಂದ ಇನ್ನೊಂದು ವಿಷಯವನ್ನೂ ಕಲಿಯಿರಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕಡೆದ ಶಿಲ್ಪದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ನೀವೂ ಕಾರ್ಡಿನ ಕೆಳಗೆ ನಿಮ್ಮ ಹೆಸರು, ತರಗತಿ ಬರೆಯಲು ಮರೆಯಬೇಡಿ.

ಖರ್ಚು ಹೆಚ್ಚಿಲ್ಲ. 22 ಅಂಗುಲ ಅಗಲ, 28 ಅಂಗುಲ ಉದ್ದದ ಒಂದು ಬಿಳಿ ಚಾರ್ಟ್ ಹಾಳೆಯನ್ನು 11ಕ್ಕೆ 7 ಅಂಗುಲದಂತೆ ಕತ್ತರಿಸಿದರೆ ಎಂಟು ತುಂಡುಗಳಾಗುತ್ತವೆ. ನಡುವೆ ಮಡಚಿದರೆ ಎಂಟು ಕಾರ್ಡು. ನಲವತ್ತು ಮಕ್ಕಳ ತರಗತಿಗೆ ಐದು ಹಾಳೆ ಸಾಕು. ಹಳೆಯ ಕ್ಯಾಲೆಂಡರಿನ ಬೆನ್ನು ಖಾಲಿ ಇದ್ದರೆ ಅದೂ ಬೇಡ.

ಮಳೆಗಾಲದ ಮಾತು ಬೇರೆ. ಸ್ಕೆಚ್ ಪೆನ್ನಿನ ಬಣ್ಣ, ಫೌಂಟನ್ ಪೆನ್ನಿನ ಶಾಯಿ ನೀರಿನಲ್ಲಿ ಕರಗುವಂಥವು. ನಾಲ್ಕು ಹನಿ ಬಿದ್ದರೆ ಹೆಸರೇ ಹರಿದುಹೋಗುತ್ತದೆ. ಬಾಲ್ ಪೆನ್ನಿನ ಮಸಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಅಷ್ಟು ಸುಲಭವಾಗಿ ಅಳಿಯದು. ಪೆನ್ಸಿಲ್ಲೂ ಆದೀತು. ಬರೆದ ಮೇಲೆ ಮೇಣದ ಬತ್ತಿಯನ್ನು ಹಗುರವಾಗಿ ಉಜ್ಜಿದರೆ ಹನಿ ಜಾರಿಹೋಗುತ್ತದೆ. ಮೈದಾ ಅಂಟು ಈ ಥಂಡಿಯಲ್ಲಿ ಬೇಗ ಒಣಗುವುದಿಲ್ಲ, ಬೂಸಲೂ ಬರುತ್ತದೆ. ಅಂಟಿಸುವ ಬದಲು ಮಡಿಕೆಗೆ ಎರಡು ಹೊಲಿಗೆ ಹಾಕಿ, ದಾರ ಕಟ್ಟಿ.

ಇನ್ನು ಒಕ್ಕಣೆ. ‘ತಾವುಗಳು ಸಕುಟುಂಬ ಸಪರಿವಾರ ಸಮೇತ ಆಗಮಿಸಿ’ ಎಂಬ ಅಚ್ಚಿನ ಮನೆಯ ಭಾಷೆ ಮಕ್ಕಳಿಗೇಕೆ? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಮಳೆ ಬಂದರೆ ಎಲ್ಲಿ ಎಂಬುದು ಸ್ಪಷ್ಟವಾಗಿರಲಿ. ಜೊತೆಗೆ ಮಗುವಿನದೇ ಒಂದು ಸಾಲಿರಲಿ: ‘ನಾನು ಎರಡನೇ ಸಾಲಿನಲ್ಲಿ ನಿಂತು ಹಾಡುತ್ತೇನೆ, ನೋಡಲು ಬಾ ಅಮ್ಮ.’ ಇದನ್ನು ಓದಿದ ತಾಯಿ ಬರದೆ ಇರುವಳೆ? ಓದು ಬಾರದ ತಾಯಿಯಿದ್ದರೆ ಗಡಿಯಾರದ ಚಿತ್ರ ಬರೆದು ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ನಿಲ್ಲಿಸಿ. ಮನೆಯಲ್ಲಿ ಬೇರೆ ಭಾಷೆ ಆಡುವವರು ಕಾರ್ಡ್ ಕೊಡುವಾಗ ಅದನ್ನು ಆ ಭಾಷೆಯಲ್ಲೇ ಹೇಳಲಿ. ಎಷ್ಟನೆಯ ಸ್ವಾತಂತ್ರ್ಯೋತ್ಸವ ಎಂಬ ಲೆಕ್ಕದಲ್ಲಿ ಅನೇಕರು ತಪ್ಪುತ್ತಾರೆ. 1947ರದೇ ಮೊದಲನೆಯದು, ಆದ್ದರಿಂದ ಇಸವಿಯಿಂದ 1946ನ್ನು ಕಳೆಯಿರಿ. 2022ರಲ್ಲಿ ಸ್ವಾತಂತ್ರ್ಯಕ್ಕೆ 75 ವರ್ಷ ತುಂಬಿತು, ಆದರೆ ಅಂದು ಆಚರಿಸಿದ್ದು 76ನೆಯ ದಿನಾಚರಣೆ.

ಮಕ್ಕಳೇ, ನಿಮ್ಮ ಮನೆಗೆ ಒಂದು ಕಾರ್ಡಾದ ಮೇಲೆ ಇನ್ನೊಂದನ್ನು ಮಾಡಿ. ನಿಮ್ಮ ಶಾಲೆಯನ್ನು ಗುಡಿಸುವವರು, ಬಿಸಿಯೂಟ ಮಾಡುವ ಅಮ್ಮಂದಿರು, ಅಂಚೆಯಣ್ಣ, ಹಿಂದೆ ಆ ಶಾಲೆಯಲ್ಲೇ ಕಲಿತ ಅಜ್ಜ, ಇವರಲ್ಲಿ ಯಾರನ್ನು ಇದುವರೆಗೆ ಯಾರೂ ಕರೆದಿಲ್ಲವೋ ಅವರಿಗೆ ಕೊಡಿ. ಕೈಗೆ ಕೊಟ್ಟು, ಓದಿ ಹೇಳಿ ಬನ್ನಿ. ‘ಕರೆಯೋಲೆ’ ಎಂಬ ಮಾತಿನಲ್ಲಿ ಓಲೆಗಿಂತ ಮೊದಲು ಬರುವುದು ಕರೆ.

ತಂದೆತಾಯಿಗಳಿಗೂ ಒಂದು ಮಾತು. ಗೆರೆ ಸೊಟ್ಟಗಾಯಿತೆಂದು ನೀವೇ ಕುಳಿತು ತಿದ್ದಬೇಡಿ. ಕಾಗುಣಿತ ತಪ್ಪಿದ್ದರೆ ತೋರಿಸಿ, ತಿದ್ದುವುದು ಮಗುವೇ ಆಗಲಿ. ಶಾಲೆಯಲ್ಲಿ ಅತಿ ಚೆಂದದ ಕಾರ್ಡಿಗೆ ಬಹುಮಾನ ಎಂಬ ಸ್ಪರ್ಧೆಯೂ ಬೇಡ. ಬಹುಮಾನದ ಆಸೆ ಬಂದರೆ ಕಾರ್ಡು ಮಾಡುವುದು ಅಪ್ಪ, ಗೆಲ್ಲುವುದು ಮಗು ಎಂದಾಗುತ್ತದೆ. ಅಂದು ಬೆಳಿಗ್ಗೆ ಮಗು ಕರೆದದ್ದಕ್ಕೆ ಓಗೊಟ್ಟು ಹೋಗಿ. ಲೈನ್ ಮನೆಯವರಾಗಲಿ, ಬಂಗಲೆಯವರಾಗಲಿ, ಹೊರಗೆ ನಿಲ್ಲದೆ ಒಳಗೆ ಬಂದು ಮಕ್ಕಳ ಸಾಲಿನ ಹಿಂದೆ ನಿಲ್ಲಿ.

ಈ ಕೆಲಸಕ್ಕೆ ಆಗಸ್ಟ್ 14ರ ಸಂಜೆ ಕೂತರೆ ಆಗದು. ಬಣ್ಣ ಒಣಗಲು ಎರಡು ದಿನ, ಕಾರ್ಡ್ ಹಂಚಲು ನಾಲ್ಕು ದಿನ ಬೇಕು. ತಿಂಗಳ ಮೊದಲ ಶನಿವಾರವೇ ಚಾರ್ಟ್ ಹಾಳೆ ತಂದಿಟ್ಟುಕೊಳ್ಳಿ. ಕಾಫಿ ಎಲೆ ಹೇಗೂ ಬೇಲಿಯಾಚೆಯೇ ಸಿಗುತ್ತದೆ. ತೋಟದವರನ್ನು ಒಂದು ಮಾತು ಕೇಳಿ ಕೊಯ್ಯಿರಿ. ಕೇಳಿದ ನೆಪದಲ್ಲಿ ಅವರಿಗೂ ಒಂದು ಕಾರ್ಡ್ ಕೊಡಬಹುದು.