ಕೋಳಿಯ ಬಗ್ಗೆ ಕೇಳುವ ನಾವು ಸೂಜಿಯ ಬಗ್ಗೆ ಯಾಕೆ ಕೇಳುವುದಿಲ್ಲ?

ಮನೆಗೆ ಕೋಳಿ ತಂದರೆ ನನ್ನ ಉಮ್ಮ ಕೇಳುವ ಮೊದಲ ಪ್ರಶ್ನೆ, "ಯಾರು ಕೊಯ್ದದ್ದು?" ಹೊಸ ಮಿಠಾಯಿ ಬಂದರೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಮೊಮ್ಮಕ್ಕಳಿಂದ ಓದಿಸುತ್ತಾರೆ, ಜೆಲಾಟಿನ್ ಇದೆಯೋ ಎಂದು. ಇದು ನಮ್ಮೊಂದು ಮನೆಯ ಕಥೆಯಲ್ಲ. ಉಪ್ಪಳದಿಂದ ಉಳ್ಳಾಲದವರೆಗೆ ಯಾವ ಬ್ಯಾರಿ ಮನೆಗೆ ಹೋದರೂ ಇದೇ ಎಚ್ಚರ.

ಅದೇ ನಮ್ಮ ಮನೆಯ ಫ್ರಿಜ್‌ನಲ್ಲಿ ಕಳೆದ ವರ್ಷ ಹಂದಿಯ ಮೆದುಳಿನಿಂದ ಮಾಡಿದ ಮದ್ದಿನ ಪೆಟ್ಟಿಗೆ ಎರಡು ವಾರ ಇತ್ತು. ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಉಮ್ಮನಿಗೆ 72 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 15 ವರ್ಷ ದಾಟಿದೆ. ಒಂದೆರಡು ವರ್ಷದಿಂದ ಮರೆವು ಹೆಚ್ಚಾಯಿತು. ಪತ್ತಿರ್ ಹಿಟ್ಟಿಗೆ ಎರಡು ಸಲ ಉಪ್ಪು ಹಾಕುವುದು, ಅಸರ್ ನಮಾಝ್‌ನಲ್ಲಿ ಮೂರು ರಕಅತ್ ಆಯಿತೋ ನಾಲ್ಕಾಯಿತೋ ಎಂದು ಗೊಂದಲವಾಗುವುದು. ದುಬೈಯಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ರಜೆಗೆ ಬರುವಾಗ ಅವನು ಸೂಟ್‌ಕೇಸ್‌ನಲ್ಲಿ ಇಂಜೆಕ್ಷನ್ ಪೆಟ್ಟಿಗೆ ತಂದ. "ಮೆದುಳಿಗೆ ಶಕ್ತಿ ಕೊಡುವ ಪೆಪ್ಟೈಡ್. ನನ್ನ ರೂಮಿನವನ ತಂದೆಗೆ ತುಂಬಾ ಗುಣವಾಗಿದೆಯಂತೆ" ಎಂದ. ಹೆಸರು ಸೆರೆಬ್ರೊಲೈಸಿನ್.

ಹಾಕಿಸಲು ನೆರೆಮನೆಯ ನರ್ಸನ್ನು ಕರೆದೆ. ಆಕೆ ಪೆಟ್ಟಿಗೆ ನೋಡಿ, "ಡಾಕ್ಟರ ಚೀಟಿ ಎಲ್ಲಿ? ಇದು ಯಾವುದರಿಂದ ಮಾಡಿದ್ದೆಂದು ಗೊತ್ತುಂಟಾ?" ಎಂದು ಕೇಳಿದಳು. ನನ್ನಲ್ಲಿ ಎರಡಕ್ಕೂ ಉತ್ತರ ಇರಲಿಲ್ಲ.

ಪೆಪ್ಟೈಡ್ ಎಂದರೆ ಹೆದರಿಕೆಯ ವಸ್ತುವೇನಲ್ಲ. ಅಮೈನೊ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡ ಸಣ್ಣ ಸರ ಅದು. ನಮ್ಮಲ್ಲಿ ಅನೇಕರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ 51 ಅಮೈನೊ ಆಮ್ಲಗಳ ಪೆಪ್ಟೈಡ್. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವುದರಿಂದ ಇಂಥ ಮದ್ದುಗಳನ್ನು ಸಾಮಾನ್ಯವಾಗಿ ಸೂಜಿಯಲ್ಲೋ ಮೂಗಿನ ಹನಿಯಾಗಿಯೋ ಕೊಡುತ್ತಾರೆ. ಸೆರೆಬ್ರೊಲೈಸಿನ್ ಆಸ್ಟ್ರಿಯಾದ ಮದ್ದು. ಹಂದಿಯ ಮೆದುಳಿನ ಪ್ರೋಟೀನನ್ನು ಕಿಣ್ವಗಳಿಂದ ಒಡೆದು ಅದನ್ನು ತಯಾರಿಸುತ್ತಾರೆ. ಹಲವು ದೇಶಗಳಲ್ಲಿ ಪಾರ್ಶ್ವವಾಯು ಮತ್ತು ಮರೆವಿನ ಕಾಯಿಲೆಗೆ ವೈದ್ಯರು ಬರೆದುಕೊಡುತ್ತಾರೆ. ಅಮೆರಿಕದ ಎಫ್‌ಡಿಎ ಅನುಮೋದನೆ ಅದಕ್ಕಿಲ್ಲ. ಅಪಸ್ಮಾರ ಇರುವವರಿಗೆ, ಕಿಡ್ನಿ ತೀವ್ರವಾಗಿ ಕೆಟ್ಟವರಿಗೆ ಕೊಡಬಾರದು. 15 ವರ್ಷ ಸಕ್ಕರೆ ಕಾಯಿಲೆ ಇರುವ ಉಮ್ಮನ ಕಿಡ್ನಿ ಹೇಗಿದೆ ಎಂದು ನಾವು ಪರೀಕ್ಷೆಯನ್ನೇ ಮಾಡಿಸಿರಲಿಲ್ಲ.

ಅದರಿಂದ ಎಷ್ಟು ಪ್ರಯೋಜನ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ರಕ್ತನಾಳದ ತೊಂದರೆಯಿಂದ ಬರುವ ಮರೆವಿಗೆ ಇದು ಸ್ವಲ್ಪ ಉಪಯೋಗವಾಗಬಹುದು, ಆದರೆ ಆಧಾರ ಬಹಳ ದುರ್ಬಲ. ಪಾರ್ಶ್ವವಾಯುವಿನ ಬಗ್ಗೆ 2020ರಲ್ಲಿ ಹೇಳಿದ್ದು, ಈ ಮದ್ದಿನಿಂದ ಸಾವು ಕಡಿಮೆಯಾದದ್ದು ಕಾಣುವುದಿಲ್ಲ, ಗಂಭೀರ ಅಡ್ಡಪರಿಣಾಮ ಹೆಚ್ಚಿರಬಹುದು.

ಹಾಗಾದರೆ ಇದು ಹರಾಮೋ? ಫತ್ವಾ ಕೊಡಲು ನಾನು ಯಾರೂ ಅಲ್ಲ. ನಮ್ಮ ಉಸ್ತಾದರಲ್ಲಿ ಕೇಳಿದೆ. ಅವರು ನನ್ನಲ್ಲೇ ತಿರುಗಿ ಕೇಳಿದರು: "ಇದರಿಂದ ಗುಣವಾಗುತ್ತದೆಂದು ಡಾಕ್ಟರು ಹೇಳಿದ್ದಾರಾ? ಬೇರೆ ಮದ್ದು ಇಲ್ಲವಾ?" ಜೀವ ಉಳಿಸುವ ಅನಿವಾರ್ಯದಲ್ಲಿ ದೀನ್ ನಮಗೆ ದಾರಿ ಬಿಟ್ಟಿದೆ. ಹಿಂದೆ ಇನ್ಸುಲಿನ್ ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬರುವ ತನಕ ಬೇರೆ ದಾರಿ ಇರಲಿಲ್ಲ. ಇನ್ಸುಲಿನ್ ಬಿಟ್ಟರೆ ಪ್ರಾಣ ಹೋಗುತ್ತದೆ ಎಂಬವರ ಅನಿವಾರ್ಯಕ್ಕೂ, ರೂಮಿನವನ ಮಾತು ನಂಬಿ ತಂದ ಪೆಟ್ಟಿಗೆಗೂ ಎಲ್ಲಿಂದೆಲ್ಲಿಯ ಹೋಲಿಕೆ?

ಕೊನೆಗೆ ಉಮ್ಮನನ್ನು ದೇರಳಕಟ್ಟೆಗೆ ಕರೆದುಕೊಂಡು ಹೋದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬಿ12 ಬಹಳ ಕಡಿಮೆ ಇತ್ತು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ಇಳಿಯುವುದು ಗೊತ್ತಿರುವ ವಿಷಯ. ಬಿ12 ಇಳಿದರೆ ಮರೆವು, ಕಾಲು ಜೋಮು, ಸುಸ್ತು ಬರಬಹುದು. ಎರಡನೆಯದು, ಉಮ್ಮನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾವು ಹೇಳಿದ್ದನ್ನು ಅವರು ಮರೆಯುತ್ತಿದ್ದಾರೆಂದು ನಾವು ತಿಳಿದಿದ್ದೆವು. ಅರ್ಧದಷ್ಟು ಮಾತು ಅವರ ಕಿವಿಗೇ ಬಿದ್ದಿರಲಿಲ್ಲ. ಬಿ12 ಇಂಜೆಕ್ಷನ್ ಶುರುವಾಯಿತು, ಕಿವಿಗೆ ಯಂತ್ರ ಬಂತು. ಪೂರ್ತಿ ಮೊದಲಿನಂತಾಗಿದ್ದಾರೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಕೆಲವು ಹೆಸರು ಮರೆಯುತ್ತಾರೆ. ಆದರೆ ಉಪ್ಪು ಒಂದೇ ಸಲ ಬೀಳುತ್ತದೆ, ಅಲ್ಹಮ್ದುಲಿಲ್ಲಾಹ್.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನೀಟ್ ಪರೀಕ್ಷೆಗೆ ಓದುತ್ತಿರುವ ತಂಗಿಯ ಮಗ ಈ ಮಾತೆಲ್ಲ ಕೇಳಿ ಒಂದು ದಿನ ನನ್ನ ಹತ್ತಿರ ಬಂದ. "ನನ್ನ ಕ್ಲಾಸಿನವನೊಬ್ಬ ಸೆಮ್ಯಾಕ್ಸ್ ತರಿಸಿದ್ದಾನೆ, ಮೂಗಿಗೆ ಬಿಡುವುದು. ಓದಿದ್ದು ತಲೆಯಲ್ಲಿ ನಿಲ್ಲುತ್ತದಂತೆ. ನನಗೂ ತರಿಸಿಕೊಡ್ತೀರಾ?" ಸೆಮ್ಯಾಕ್ಸ್ ರಷ್ಯಾದಲ್ಲಿ ಕಂಡುಹಿಡಿದ ಏಳು ಅಮೈನೊ ಆಮ್ಲಗಳ ಪೆಪ್ಟೈಡ್. ಅಲ್ಲಿ ಪಾರ್ಶ್ವವಾಯುವಿಗೆ ಕೊಡುತ್ತಾರೆ. ಹಂದಿಯ ಸಂಗತಿ ಅದರಲ್ಲಿಲ್ಲ, ಪ್ರಯೋಗಾಲಯದಲ್ಲಿ ಜೋಡಿಸಿದ್ದು. ಆದರೆ ಹುಡುಗ ತೋರಿಸಿದ ಫೋಟೋದಲ್ಲಿ ಸೀಸೆಯ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಎಂದು ಅಚ್ಚಾಗಿತ್ತು. ಒಳಗೆ ಬರೆದದ್ದೇ ಇದೆಯೋ, ಎಷ್ಟಿದೆಯೋ, ಶುದ್ಧವಾಗಿದೆಯೋ, ಹೊಣೆ ಹೊರುವವರು ಯಾರೂ ಇಲ್ಲ. ಇನ್ನೂ ಬೆಳೆಯುತ್ತಿರುವ 17 ವರ್ಷದ ಮೆದುಳಿಗೆ ಅದನ್ನು ಬಿಡುವುದೆಂದರೆ ನಮ್ಮ ಮಗುವಿನ ಮೇಲೆ ನಾವೇ ಪ್ರಯೋಗ ಮಾಡಿದಂತೆ. "ಮೋನೇ, ರಾತ್ರಿ ಎಷ್ಟು ಗಂಟೆ ಮಲಗ್ತೀ?" ಎಂದು ಕೇಳಿದೆ. ನಾಲ್ಕು ಎಂದ. ಓದಿದ್ದನ್ನು ಮೆದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಅವನಿಗೆ ಮೊದಲು ಬೇಕಾದ ಮದ್ದು ಅದು.

ಎಲ್ಲ ಪೆಪ್ಟೈಡ್ ಮೋಸ ಎಂದು ನಾನು ಹೇಳುತ್ತಿಲ್ಲ. ಡಾಕ್ಟರು ಕಾಯಿಲೆ ನೋಡಿ ಬರೆದುಕೊಟ್ಟರೆ ಅದು ಬೇರೆ ಮಾತು. ಆಗಲೂ ಯಾವುದರಿಂದ ಮಾಡಿದ್ದು, ಬದಲಿ ಇದೆಯೇ ಎಂದು ಕೇಳುವುದು ನಮ್ಮ ಹಕ್ಕು. ನನ್ನ ತಕರಾರು, ಮಾಡಬೇಕಾದ ಸುಲಭ ಕೆಲಸಗಳನ್ನು ಬಿಟ್ಟು ದುಬಾರಿ ಸೀಸೆಯ ಹಿಂದೆ ಓಡುವುದರ ಬಗ್ಗೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಿವುಡು, ಬಿಪಿ, ಸಕ್ಕರೆ, ಬೀಡಿ ಸಿಗರೇಟು, ನಡೆದಾಡದಿರುವುದು, ಒಂಟಿತನ ಆ ಪಟ್ಟಿಯಲ್ಲಿವೆ. ಗಂಡಸರೆಲ್ಲ ಗಲ್ಫ್‌ನಲ್ಲಿದ್ದು, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಉಮ್ಮಂದಿರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆಂದು ಲೆಕ್ಕ ಹಾಕಿ ನೋಡಿ.

ಉಮ್ಮನ ಕಿವಿಯ ಯಂತ್ರಕ್ಕೆ ದುಡ್ಡು ಕೊಟ್ಟದ್ದು ಆ ಅಣ್ಣನೇ. ಈಗ ಪ್ರತಿ ರಾತ್ರಿ ವಿಡಿಯೋ ಕಾಲ್ ಮಾಡುತ್ತಾನೆ. ಅವನು ಹೇಳಿದ್ದು ಉಮ್ಮನಿಗೆ ಕೇಳಿಸುತ್ತದೆ, ಉತ್ತರವನ್ನೂ ಕೊಡುತ್ತಾರೆ. ಊರಿಗೆ ಮದ್ದು ತರುವ ಅಣ್ಣಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಸೂಟ್‌ಕೇಸ್ ಕಟ್ಟುವ ಮೊದಲು ಇಲ್ಲಿನ ಡಾಕ್ಟರಿಗೆ ಒಂದು ಫೋನ್ ಮಾಡಿ. ಉಮ್ಮ ಕೋಳಿಯ ಬಗ್ಗೆ ಕೇಳುವಷ್ಟಾದರೂ ಆ ಸೀಸೆಯ ಬಗ್ಗೆ ಕೇಳಿ.