ದೂರದ ಯುದ್ಧ, ನಮ್ಮ ಹತ್ತಿ

ಒಂದು ನಾಡಿನ ಕಾಳಗವು ಮತ್ತೊಂದು ನಾಡಿಗೆ ಸುಗ್ಗಿಯಾಗುವುದುಂಟು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರೆಭೂಮಿಗೆ ಅಂಥ ಸುಗ್ಗಿಯೊಂದು 1861ರಿಂದ 1865ರವರೆಗೆ ಬಂದಿತ್ತು. ಕಾದಾಡಿದವರು ಅಮೆರಿಕದವರು, ಬೆಲೆ ಏರಿದುದು ನಮ್ಮ ಹತ್ತಿಗೆ.

ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ತಮಗೆ ಬೇಕಾದ ಹತ್ತಿಯ ಬಹುಪಾಲನ್ನು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ತರಿಸುತ್ತಿದ್ದವು. ಅಂತರ್ಯುದ್ಧದಲ್ಲಿ ಉತ್ತರದವರು ಆ ಬಂದರುಗಳಿಗೆ ದಿಗ್ಬಂಧನ ಹಾಕಿದೊಡನೆ ಗಿರಣಿಗಳ ಒಡೆಯರು ಹಿಂದುಸ್ತಾನದತ್ತ ಮುಖಮಾಡಿದರು. ಧಾರವಾಡ ಸೀಮೆ ಅವರಿಗೆ ಹೊಸದಲ್ಲ. 1840ರ ದಶಕದಲ್ಲಿಯೇ ಇಲ್ಲಿನ ಕಲೆಕ್ಟರ್ ಶಾ ಸಾಹೇಬರು ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ತರಿಸಿ ಬೆಳೆಯಿಸಿದ್ದರು.

ನಮ್ಮ ನಾಡಹತ್ತಿಯ ಕಾಳನ್ನು ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಅಮೆರಿಕದ ಹತ್ತಿಯ ಅರಳೆಯಾದರೋ ಕಾಳಿಗೆ ಬಿಗಿಯಾಗಿ ಅಂಟಿರುವಂಥದು. ಅದಕ್ಕೆ ಗರಗಸದ ಹಲ್ಲಿನ ಯಂತ್ರವೇ ಬೇಕಾಯಿತು. ಹೀಗೆ ಬೀಜದ ಬೆನ್ನಿಗೆ ಯಂತ್ರವೂ ಬಂದಿತು. ಅರಳೆಯ ಹೇರುಗಳು ಘಟ್ಟವಿಳಿದು ಕುಮಟೆಯ ಬಂದರು ಸೇರುತ್ತಿದ್ದುದರಿಂದ ಬಯಲುಸೀಮೆಯ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರಾಯಿತು. ಕಾರವಾರದ ಬಂದರನ್ನು ಬೆಳೆಸುವ ಆಸೆಯಿಂದ 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದರು. ಗದಗ, ಮುಂಡರಗಿಗಳು ಇಂಗ್ಲಿಷರ ಆಳಿಕೆಯಲ್ಲಿ, ಶಿರಹಟ್ಟಿ ಸಾಂಗಲಿಯಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು. ದೊರೆಗಳು ಬೇರೆಯಾದರೂ ಹತ್ತಿಯ ಧಾರಣೆಯನ್ನು ಕಟ್ಟುತ್ತಿದ್ದುದು ಒಂದೇ ಊರು, ಲಿವರ್‌ಪೂಲ್!

ಹಣ ಹರಿಯಿತು. ರೈತರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಕಟ್ಟಿಸಿದರೆಂಬ ಮಾತು ಮುಂಬಯಿ ಇಲಾಖೆಯ ಹತ್ತಿಯ ಸೀಮೆಗಳಲ್ಲಿ ಹುಟ್ಟಿದುದು ಆಗಲೇ. ಹಣದ ಹಿಂದೆ ಮೋಸವೂ ಬಂದಿತು. ಒಳ್ಳೆಯ ಅರಳೆಯಲ್ಲಿ ಕೀಳು ಅರಳೆ ಬೆರೆಸುವವರು ಹೆಚ್ಚಿ, 1863ರಲ್ಲಿ ಸರಕಾರ ಕಲಬೆರಕೆಯ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು.

1865ರಲ್ಲಿ ಯುದ್ಧ ನಿಂತಿತು, ಧಾರಣೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ದಖ್ಖಣದ ಸಾಹುಕಾರರು ಕೊಟ್ಟ ಸಾಲ ಮಾತ್ರ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾಲಪತ್ರಗಳನ್ನು ಸುಟ್ಟರು. ಮರುವರ್ಷ ಮಳೆ ತಪ್ಪಿತು. 1876-78ರ ಮಹಾಕ್ಷಾಮ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ. ಹತ್ತು ವರ್ಷಗಳ ಹಿಂದೆ ಬೆಳ್ಳಿಯ ಮಾತಾಡಿದ ಸೀಮೆ ಜೋಳದ ಕಾಳಿಗೆ ಕೈಯೊಡ್ಡಿತು.

ಹಾಗಾದರೆ ಉಳಿದುದೇನು? 1880ರ ದಶಕದಲ್ಲಿ ಗದಗಿಗೆ ರೈಲು ಬಂದು, ಅದು ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಅದಕ್ಕಿಂತ ಹಿರಿದಾದುದು ಗದಗ ತಾಲೂಕಿನ ಕಣಗಿನಹಾಳದಲ್ಲಿ ಹುಟ್ಟಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಊರಿನವರು ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ಅಲ್ಲಿ ಬೆಳ್ಳಿಯ ಗಾಲಿಗಳಿರಲಿಲ್ಲ. ಹತ್ತಾರು ಜನ ಸೇರಿಸಿದ ಸಣ್ಣ ಗಂಟು, ಅದರಿಂದ ಹೊರುವಷ್ಟೇ ಬಡ್ಡಿಯ ಸಾಲ. ನಾಡಿನ ಸಹಕಾರ ಚಳವಳಿಗೆ ಅದು ಮೊದಲ ಹೆಜ್ಜೆಯಾಯಿತು.

ಮನೆಯ ಜಮಾಖರ್ಚು ನೋಡುವ ಗೃಹಿಣಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ಬೋನಸ್ಸನ್ನು ನಂಬಿ ವರ್ಷದ ಸಾಲ ಮಾಡಿದವರ ಪಾಡು ಆಕೆಗೆ ಗೊತ್ತು. ಬೆಲೆ ದೂರದವರ ಕೈಯಲ್ಲಿರುವ ಸಂಗತಿ. ಏರಿದಾಗ ಅದು ನಮ್ಮ ಜಾಣತನವೆಂದು ತೋರುವುದೇ ಅಪಾಯ. ಸುಗ್ಗಿಯ ದಿನಗಳಲ್ಲಿ ಒಂದು ಕಣಗಿನಹಾಳ ಹುಟ್ಟಿದ್ದರೆ, ಬರಗಾಲದ ಮನೆಗಳಲ್ಲಿ ಎಷ್ಟು ಒಲೆಗಳು ಉರಿಯುತ್ತಿದ್ದವೋ!