ಲಿಂಕ್ ಕತ್ತರಿಸಿದರೆ ಚೈನ್ ರಿಪೇರಿ ಆಗುವುದಿಲ್ಲ

'ಚೈನ್ ಸಡಿಲಾಗೇತಿ, ಒಂದು ಲಿಂಕ್ ಕತ್ತರಿಸಿದ್ರ ಮುಗೀತು.' ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಹೋದರೂ ನಾವು ಕೇಳುವ ಮಾತಿದು. ಇದು ಉಳಿತಾಯ ಅಲ್ಲ, ಅಪಾಯ ಮುಂದೂಡುವುದು.

ಚೈನ್ ಉದ್ದ ಆಗುವುದು ಒಳಗಿನ ಪಿನ್ನು, ಬುಷ್ ಸವೆದಾಗ. ಒಂದು ಲಿಂಕ್ ತೆಗೆದರೆ ಉಳಿದವುಗಳ ಸವಕಳಿ ಹೋಗುವುದಿಲ್ಲ. ಸವೆದ ಚೈನ್ ಸ್ಪ್ರಾಕೆಟ್ ಹಲ್ಲು ತಿನ್ನುತ್ತದೆ; ಸವೆದ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಹಿಂದಿನ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಜಿನ್ ಬದಿಯ ಸಣ್ಣ ಸ್ಪ್ರಾಕೆಟ್ ಸುಮಾರು ಮೂರು ಸುತ್ತು ತಿರುಗುತ್ತದೆ. ಬೇಗ ಸವೆಯುವುದು ಅದೇ. ಕವರ್ ಒಳಗಿರುವುದರಿಂದ ಯಾರೂ ನೋಡದಿರುವುದೂ ಅದನ್ನೇ.

ಲಿಂಕ್ ಕತ್ತರಿಸಿ ಹದಿನೈದು ದಿನ ಆಗಿರಲಿಲ್ಲ, ಡಂಬಳದ ಹಾದಿಯಲ್ಲಿ ನಮ್ಮ ಹಳೇ ಗಾಡಿಯ ಚೈನ್ ಕಳಚಿತು. ಅದು ಗಾಲಿಗೆ ಸಿಕ್ಕಿದ್ದರೆ ಇದನ್ನು ಬರೆಯಲು ನಾವಿರುತ್ತಿರಲಿಲ್ಲವೇನೋ.

ನೋಡುವುದು ಸುಲಭ. ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ಗೆ ತಂದು, ದೊಡ್ಡ ಸ್ಟ್ಯಾಂಡ್ ಹಾಕಿ, ಕವರ್ ಬಿಚ್ಚಿಸಿ. ದೊಡ್ಡ ಸ್ಪ್ರಾಕೆಟ್‌ನ ಹಿಂಬದಿ ಚೈನನ್ನು ಹಿಂದಕ್ಕೆ ಜಗ್ಗಿ. ಅರ್ಧ ಹಲ್ಲು ಕಂಡರೆ ಚೈನ್ ಮುಗಿದಿದೆ. ಸಣ್ಣದರ ಹಲ್ಲು ಕುಡುಗೋಲಿನಂತೆ ಬಾಗಿದ್ದರೆ, ಚೂಪಾಗಿದ್ದರೆ ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ.

'ಪೂರಾ ಸೆಟ್ಟಿಗೆ ರೊಕ್ಕ ಎಲ್ಲೈತ್ರಿ?' ನ್ಯಾಯದ ಪ್ರಶ್ನೆಯೇ. ಆದರೆ ಬರೀ ಚೈನ್ ಹಾಕಿಸಿದವರು ಮತ್ತೆ ಚೈನಿಗೆ ರೊಕ್ಕ ಕೊಡುತ್ತಾರೆ. ಕವರ್ ಬಿಚ್ಚಿ ಹಲ್ಲು ತೋರಿಸದೆ ಲಿಂಕ್ ಕತ್ತರಿಸಲು ಬಂದರೆ, ಬೇಡ ಅನ್ನಿ.